ಹಳೆಯ ಡೀಸೆಲ್ ಗಾಡಿಯನ್ನು ಕೊಳ್ಳುವ ಮುನ್ನ

ನಮ್ಮ ಕಡೆಯ ರೈತನು ಹಾವೇರಿಯ ದನದ ಸಂತೆಯಲ್ಲಿ ಜೋಡೆತ್ತು ಕೊಳ್ಳುವ ರೀತಿಯನ್ನು ವಾಚಕರು ನೋಡಿಯೇ ಇರಬಹುದು. ಮೊದಲು ದೂರ ನಿಂತು ನಡಿಗೆಯನ್ನು ನೋಡುವನು, ಅನಂತರ ಬಾಯಿ ತೆರೆಯಿಸಿ ಹಲ್ಲು ಎಣಿಸುವನು, ಸುಳಿಯನ್ನು ಹುಡುಕುವನು, ಗೊರಸನ್ನು ಎತ್ತಿ ನೋಡುವನು, ಕೊನೆಗೆ ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ಎಳೆಯಿಸಿದ ಹೊರತು ಹಣದ ಚೀಲವನ್ನು ಬಿಚ್ಚಲಾರನು. ಆದರೆ ಇದೇ ಮನುಷ್ಯನು ಹುಬ್ಬಳ್ಳಿಗೆ ಹೋಗಿ ಎರಡು ಮೂರು ಲಕ್ಷ ರೂಪಾಯಿಯ ಹಳೆಯ ಮೋಟಾರು ಗಾಡಿಯನ್ನು ಕೊಳ್ಳುವಾಗ, ಹೊಸದಾಗಿ ಬಳಿದ ಬಣ್ಣವನ್ನೂ ಸೀಟಿನ ಮೇಲಿನ ಹೊಸ ಹೊದಿಕೆಯನ್ನೂ ನೋಡಿ, ಅರ್ಧ ತಾಸಿನೊಳಗೆ ಮುಂಗಡವನ್ನು ಎಣಿಸಿಬಿಡುವನು. ಎತ್ತಿನ ವಿಷಯದಲ್ಲಿರುವ ವಿವೇಕವು ಗಾಡಿಯ ವಿಷಯದಲ್ಲಿ ಏಕೆ ಮರೆಯಾಗಬೇಕು?

ಶಿಗ್ಗಾಂವಿ ತಾಲೂಕಿನ ದುಂಡಸಿಯಂಥ ಊರಿನಲ್ಲಿ ಒಂದು ಕೂಡು ಕುಟುಂಬವಿದೆಯೆಂದು ಭಾವಿಸಿರಿ. ಮೆಣಸಿನಕಾಯಿಯನ್ನು ಬ್ಯಾಡಗಿಯ ಪೇಟೆಗೆ ಒಯ್ಯಬೇಕು, ಗೋವಿನಜೋಳವನ್ನು ಮಾರಬೇಕು, ಗೊಬ್ಬರದ ಚೀಲಗಳನ್ನು ತರಬೇಕು, ಶಿಶುವಿನಹಾಳದ ಜಾತ್ರೆಗೆ ಮನೆಮಂದಿಯೆಲ್ಲ ಹೋಗಬೇಕು, ನಡುರಾತ್ರಿಯಲ್ಲಿ ಹೆರಿಗೆನೋವು ಬಂದರೆ ಹುಬ್ಬಳ್ಳಿಯ ಆಸ್ಪತ್ರೆಯನ್ನು ಮುಟ್ಟಬೇಕು. ಹೊಸ ಗಾಡಿಯನ್ನು ಕೊಳ್ಳುವಷ್ಟು ಹಣವಿಲ್ಲ. ಆದುದರಿಂದ ಹಳೆಯ ಡೀಸೆಲ್ ಗಾಡಿಯೊಂದನ್ನು ಕೊಳ್ಳಬೇಕೆಂದು ಅಣ್ಣತಮ್ಮಂದಿರು ನಿಶ್ಚಯಿಸಿದ್ದಾರೆ. ಇಂಥ ಗೃಹಸ್ಥರಿಗಾಗಿಯೇ ಈ ಕೆಲವು ಮಾತುಗಳು.

ಯಾವ ಗಾಡಿಗಳು ಸಿಕ್ಕುತ್ತವೆ

ನಾವು ದಿನವೂ ಆಡುವ ‘ಟೆಂಪೋ’ ಎಂಬ ಮಾತು ಮೂಲತಃ ಜರ್ಮನಿಯ ಒಂದು ಕಾರಖಾನೆಯ ಗಾಡಿಗಳ ಹೆಸರು. ಆ ಕಾರಖಾನೆಯ ಪರವಾನಿಗೆ ಪಡೆದು ಬಜಾಜ್ ಟೆಂಪೋ ಕಂಪನಿಯವರು ೧೯೫೮ರಲ್ಲಿ ಭಾರತದಲ್ಲಿ ಮೂರು ಗಾಲಿಯ ಗಾಡಿಗಳನ್ನು ಕಟ್ಟತೊಡಗಿದರು. ೧೯೬೯ರಲ್ಲಿ ಅವರ ಮ್ಯಾಟಡೋರ್ ಹೊರಬಂದಿತು. ೧೯೮೦ರ ದಶಕದಲ್ಲಿ ಡೈಮ್ಲರ್-ಬೆಂಝ್ ಕಂಪನಿಯ ಪರವಾನಿಗೆಯ ಡೀಸೆಲ್ ಯಂತ್ರವೂ, ಆ ಬಳಿಕ ಟ್ರಾವೆಲರ್ ಗಾಡಿಯೂ ಬಂದವು. ೨೦೦೫ರಲ್ಲಿ ಆ ಕಂಪನಿಯು ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಮದುವೆ ಜಾತ್ರೆಗಳಿಗೆ ತುಂಬಿಕೊಂಡು ಹೋಗುವ ಟ್ರ್ಯಾಕ್ಸ್, ಕ್ರೂಸರ್‌ಗಳು ಇದೇ ಮನೆತನದವು. ೧೯೯೪ರಿಂದ ೨೦೧೯ರ ವರೆಗೆ ತಯಾರಾದ ಟಾಟಾ ಸುಮೊ, ೨೦೦೦ದಿಂದ ೨೦೦೫ರ ವರೆಗೆ ಇಲ್ಲಿ ಮಾರಾಟವಾದ ಟೊಯೋಟಾ ಕ್ವಾಲಿಸ್, ಅನಂತರದ ಟಾಟಾ ವಿಂಗರ್ ಇವೂ ಹಳೆಯ ಗಾಡಿಗಳ ಪೇಟೆಯಲ್ಲಿ ಕಾಣಬರುವಂಥವು.

ಇವುಗಳಲ್ಲಿ ಯಾವುದು ಉತ್ತಮವೆಂಬ ಚರ್ಚೆಯು ಇಲ್ಲಿ ಬೇಡ. ಹೆಸರಾದ ಕಂಪನಿಯ ಗಾಡಿಯೂ ಅಯೋಗ್ಯನ ಕೈಯಲ್ಲಿ ಹತ್ತು ವರ್ಷ ದುಡಿದಿದ್ದರೆ ಕೆಟ್ಟಿರುತ್ತದೆ. ಸಾಧಾರಣ ಗಾಡಿಯೂ ಒಳ್ಳೆಯ ಒಡೆಯನಲ್ಲಿದ್ದರೆ ಗಟ್ಟಿಯಾಗಿರುತ್ತದೆ. ಆದಕಾರಣ ನಾವು ಕೊಳ್ಳುವುದು ಹೆಸರನ್ನಲ್ಲ, ಕಣ್ಣ ಮುಂದಿರುವ ಆ ಒಂದು ಗಾಡಿಯ ಸ್ಥಿತಿಯನ್ನು ಎಂಬುದನ್ನು ಮರೆಯಕೂಡದು. ಅದರ ಬಿಡಿಭಾಗಗಳು ಸಮೀಪದ ಪೇಟೆಯಲ್ಲಿ ದೊರೆಯುವವೋ, ಅದನ್ನು ಬಿಚ್ಚಿ ಕೂಡಿಸಬಲ್ಲ ಮೇಸ್ತ್ರಿಯು ಹತ್ತಿರದಲ್ಲಿರುವನೋ ಎಂಬಿಷ್ಟನ್ನು ಮಾತ್ರ ಮೊದಲೇ ವಿಚಾರಿಸಿಕೊಂಡರೆ ಸಾಕು.

ಮೊದಲು ಕಾಗದ, ಅನಂತರ ಗಾಡಿ

ಅನೇಕರು ಗಾಡಿಯನ್ನು ಮೆಚ್ಚಿದ ಮೇಲೆ ಕಾಗದಗಳನ್ನು ಕೇಳುತ್ತಾರೆ. ಇದು ತಲೆಕೆಳಗಾದ ಕ್ರಮ. ಮನಸ್ಸು ಒಮ್ಮೆ ಗಾಡಿಯ ಮೇಲೆ ಕುಳಿತ ಬಳಿಕ ಕಾಗದದ ದೋಷಗಳು ಸಣ್ಣವಾಗಿ ಕಾಣುತ್ತವೆ.

ನೋಂದಣಿ ಪತ್ರದಲ್ಲಿರುವ ಚಾಸಿ ನಂಬರು ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ಕೆತ್ತಿದ ನಂಬರುಗಳೊಡನೆ ಒಂದೊಂದು ಅಕ್ಷರದಂತೆ ತಾಳೆ ನೋಡತಕ್ಕದ್ದು. ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಮೇಲೆ ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಅಕ್ಷರಗಳು ಓರೆಕೋರೆಯಾಗಿದ್ದರೆ, ಅಥವಾ ಸುತ್ತಲಿನ ಕಬ್ಬಿಣವನ್ನು ಅರದಿಂದ ಉಜ್ಜಿದಂತೆ ಕಂಡರೆ, ಅಲ್ಲಿಂದಲೇ ಹಿಂದಿರುಗುವುದು ಲೇಸು. ನೋಂದಣಿಯ ನಂಬರನ್ನು ಸರಕಾರದ ಪರಿವಾಹನ್ ತಾಣದಲ್ಲಿ ಹಾಕಿ ನೋಡಿದರೆ ನೋಂದಣಿಯ ಅವಧಿ, ವಿಮೆ, ಸಾಲದ ನಮೂದು ಮುಂತಾದವು ತಿಳಿಯುತ್ತವೆ. ತೀರಿಸದೆ ಉಳಿದ ದಂಡಗಳಿವೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಪತ್ರದಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನವರ ಹೆಸರು ಇದ್ದರೆ, ಸಾಲವು ತೀರಿತೆಂದು ಮಾರುವವನು ಬಾಯಲ್ಲಿ ಹೇಳಿದರೆ ಸಾಲದು. ಸಾಲ ಕೊಟ್ಟವರು ಸಹಿ ಮಾಡಿದ ೩೫ನೆಯ ನಮೂನೆಯೂ ಅವರ ತೀರುವಳಿ ಪತ್ರವೂ ಕೈಗೆ ಬರಬೇಕು.

ಬೋರ್ಡಿನ ಬಣ್ಣವನ್ನು ಕುರಿತು ಒಂದು ಮಾತು. ಬಿಳಿ ಬೋರ್ಡಿನ ಗಾಡಿಯು ಸ್ವಂತದ ಉಪಯೋಗಕ್ಕೆ ಮಾತ್ರ. ಅದರ ನೋಂದಣಿಯು ೧೫ ವರ್ಷ ನಡೆಯುತ್ತದೆ. ಅನಂತರ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ನವೀಕರಣದ ಶುಲ್ಕವು ಹಗುರ ಗಾಡಿಗಳಿಗೆ ೨೦೨೨ರ ಏಪ್ರಿಲಿನಿಂದ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿತು. ೨೦ ವರ್ಷ ಮೀರಿದವುಗಳಿಗೆ ೨೦೨೫ರಲ್ಲಿ ಅದನ್ನು ಇನ್ನೂ ಹೆಚ್ಚಿಸಲಾಯಿತು. ಹಳದಿ ಬೋರ್ಡಿನ ಬಾಡಿಗೆ ಗಾಡಿಗೆ ಪರ್ಮಿಟ್ಟು ಬೇಕು. ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷವೂ ಯೋಗ್ಯತಾ ಪತ್ರವನ್ನು ಪಡೆಯಬೇಕು. ಪತ್ರದಲ್ಲಿ ಬರೆದ ಆಸನಗಳೆಷ್ಟು, ಗಾಡಿಯಲ್ಲಿರುವ ಆಸನಗಳೆಷ್ಟು ಎಂದು ಎಣಿಸಿರಿ. ಸರಕಿನ ಗಾಡಿಗೆ ಬೆಂಚು ಜಡಿದು ಜನರನ್ನು ಕೂರಿಸುವ ಗಾಡಿಯಂತೆ ಮಾರುವವರುಂಟು. ಅಂಥ ಬದಲಾವಣೆಗೆ ಅನುಮತಿ ಇಲ್ಲದಿದ್ದರೆ ಹೊಣೆಯು ಕೊಂಡವನ ಕೊರಳಿಗೆ ಬೀಳುತ್ತದೆ.

ಹೊರರಾಜ್ಯದ ಗಾಡಿಯು ಅಗ್ಗವಾಗಿದ್ದರೆ ಏಕೆ ಅಗ್ಗವೆಂದು ಕೇಳಿಕೊಳ್ಳಬೇಕು. ಡೆಹಲಿ ಸೀಮೆಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೫ರಲ್ಲಿ ಆಜ್ಞೆ ಮಾಡಿತು. ೨೦೧೮ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈಚೆಗೆ ಅದರಲ್ಲಿ ಮಾರ್ಪಾಟುಗಳಾದರೂ ಅಲ್ಲಿಯ ಹಳೆಯ ಗಾಡಿಗಳು ದೂರದ ರಾಜ್ಯಗಳಿಗೆ ಹರಿದು ಬಂದುವು. ಇಂಥ ಗಾಡಿಗೆ ಮೂಲದ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು; ಕರ್ನಾಟಕದ ರಸ್ತೆ ತೆರಿಗೆಯನ್ನು ಕಟ್ಟಿ ಇಲ್ಲಿಯ ನಂಬರು ಪಡೆಯಬೇಕು. ಈ ವೆಚ್ಚವನ್ನೆಲ್ಲ ಕೂಡಿಸಿದಾಗ ಅಗ್ಗವು ಅಗ್ಗವಾಗಿ ಉಳಿಯುವುದೇ ಎಂದು ನೋಡಿರಿ.

ತಣ್ಣಗಿರುವ ಯಂತ್ರವನ್ನೇ ನೋಡಬೇಕು

ಗಾಡಿಯನ್ನು ನೋಡಲು ಬೆಳಗಿನ ಜಾವದಲ್ಲಿಯೇ ಹೋಗತಕ್ಕದ್ದು. ಯಂತ್ರವನ್ನು ಮುಟ್ಟಕೂಡದೆಂದು ಹಿಂದಿನ ದಿನವೇ ಹೇಳಿಡತಕ್ಕದ್ದು. ಹೀಗಿದ್ದರೂ ಕೆಲವೆಡೆ ಮಾರುವವನು, “ಬರ್ರಿ ಯಜಮಾನ್ರ, ನೀವು ಬರ್ತೀರಂತ ಚಾಲೂ ಮಾಡೇ ಇಟ್ಟೀನ್ರಿ” ಎಂದು ಆದರದಿಂದ ಎದುರುಗೊಳ್ಳುತ್ತಾನೆ. ಆದರವನ್ನು ಸ್ವೀಕರಿಸಿ ಚಹಾ ಕುಡಿಯಿರಿ. ಆದರೆ, “ಇವತ್ತು ಬ್ಯಾಡ್ರಿ, ಯಂತ್ರ ಆರಲಿ, ನಾಳೆ ಮುಂಜಾನೆ ಬರ್ತೇವಿ” ಎಂದು ಹೇಳಿ ಹಿಂದಿರುಗಿರಿ. ಏಕೆಂದರೆ ಡೀಸೆಲ್ ಯಂತ್ರದ ನಿಜವು ತಣ್ಣಗಿರುವಾಗಲೇ ತಿಳಿಯುವುದು.

ಇದರ ಕಾರಣವನ್ನು ಸ್ವಲ್ಪ ವಿವರಿಸುತ್ತೇವೆ. ರುಡಾಲ್ಫ್ ಡೀಸೆಲನು ೧೮೯೭ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದ ಈ ಯಂತ್ರದಲ್ಲಿ ಪೆಟ್ರೋಲ್ ಯಂತ್ರದಂತೆ ಕಿಡಿ ಹಾರಿಸುವ ಸಾಧನವಿಲ್ಲ. ಪಿಸ್ಟನ್ನು ಗಾಳಿಯನ್ನು ಬಲವಾಗಿ ಒತ್ತುತ್ತದೆ. ಹಳೆಯ ಗಾಡಿಗಳಲ್ಲಿ ಗಾಳಿಯು ಸುಮಾರು ಇಪ್ಪತ್ತರಲ್ಲೊಂದು ಪಾಲಿನ ಜಾಗಕ್ಕೆ ಇಳಿಯುತ್ತದೆ. ಈ ಒತ್ತಡದಿಂದ ಗಾಳಿಯು ಕಾದು, ಅದರೊಳಗೆ ಸಿಂಪಡಿಸಿದ ಎಣ್ಣೆಯು ತಾನಾಗಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಬಳೆಗಳೂ ಸಿಲಿಂಡರಿನ ಗೋಡೆಯೂ ಸವೆದಿದ್ದರೆ ಗಾಳಿಯು ಸಂದಿಯಿಂದ ಸೋರುತ್ತದೆ, ಒತ್ತಡ ಸಾಲದು, ಗಾಳಿ ಕಾಯದು. ಯಂತ್ರವು ಒಮ್ಮೆ ಬಿಸಿಯಾದ ಬಳಿಕ ಈ ದೋಷವು ಅಡಗಿಕೊಳ್ಳುತ್ತದೆ. ಚಳಿಯ ಮುಂಜಾನೆಯಲ್ಲಿ ಮಾತ್ರ ಅಡಗಲಾರದು.

ಹೀಟರ್ ಪ್ಲಗ್ಗಿನ ದೀಪವು ಆರಿದ ಮೇಲೆ ಕೀಲಿ ತಿರುಗಿಸಿದರೆ ಒಳ್ಳೆಯ ಯಂತ್ರವು ಕೆಲವೇ ಕ್ಷಣಗಳಲ್ಲಿ ಎದ್ದು ನಿಲ್ಲಬೇಕು. ಬಹಳ ಹೊತ್ತು ತಿರುಗಿಸಿದ ಮೇಲೆ ಒಂದು ಸಿಲಿಂಡರು ಹಿಡಿದು, ಮತ್ತೊಂದು ಬಿಟ್ಟು, ಮೈಯೆಲ್ಲ ನಡುಗಿದರೆ ಹೀಟರ್ ಪ್ಲಗ್ಗು ಕೆಟ್ಟಿರಬಹುದು, ಅದು ಸಣ್ಣ ವೆಚ್ಚ. ಅಥವಾ ಒತ್ತಡವೇ ಹೋಗಿರಬಹುದು, ಅದು ಯಂತ್ರವನ್ನೇ ಬಿಚ್ಚುವ ವೆಚ್ಚ. ಯಾವುದೆಂದು ನಿರ್ಧರಿಸಲು ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ನಿಧಾನವಾಗಿ ತೆಗೆದು ನೋಡಬೇಕು. ತೆಳ್ಳನೆಯ ಆವಿ ಬಂದರೆ ಚಿಂತೆಯಿಲ್ಲ. ರೈಲಿನ ಚಿಮಣಿಯಂತೆ ಬುಸುಬುಸು ಎಂದು ಹೊಗೆ ಉಕ್ಕಿದರೆ ಮೇಸ್ತ್ರಿಗಳು ಇದನ್ನು ‘ಬ್ಯಾಕ್ ಕಂಪ್ರೆಶನ್’ ಎನ್ನುತ್ತಾರೆ. ಅಂಥ ಯಂತ್ರಕ್ಕೆ ಆಯುಷ್ಯ ಮುಗಿದಿದೆಯೆಂದು ತಿಳಿಯಬೇಕು.

ಹೊಗೆಯ ಬಣ್ಣ

ಹೊಗೆಯ ಕೊಳವೆಯ ಹಿಂದೆ ಒಬ್ಬನನ್ನು ನಿಲ್ಲಿಸಿರಿ. ತಣ್ಣನೆಯ ಯಂತ್ರವು ಎದ್ದ ಕೂಡಲೆ ಸ್ವಲ್ಪ ಬಿಳಿಯ ಹೊಗೆ ಬಂದು ಒಂದೆರಡು ನಿಮಿಷದಲ್ಲಿ ತಿಳಿಯಾದರೆ ಅದು ಸಹಜ. ಯಂತ್ರವು ಕಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಎಣ್ಣೆಯು ಪೂರ್ತಿ ಉರಿಯುತ್ತಿಲ್ಲ, ಇಲ್ಲವೆ ನೀರು ಒಳಹೊಗುತ್ತಿದೆ. ಕಪ್ಪು ಹೊಗೆಯು ಗಾಳಿಗಿಂತ ಡೀಸೆಲ್ ಹೆಚ್ಚಾಗಿರುವುದರ ಗುರುತು: ಗಾಳಿಯ ಜರಡಿ ಕಟ್ಟಿಕೊಂಡಿದ್ದರೂ, ನಾಝಲ್ ಕೆಟ್ಟಿದ್ದರೂ ಹೀಗಾಗುವುದುಂಟು. ಪಂಪು ಮತ್ತು ನಾಝಲ್ಲುಗಳ ಹಳೆಯ ತರಹದ ಗಾಡಿಗಳಲ್ಲಿ ಈ ದುರಸ್ತಿಯು ಕೈಗೆಟುಕುವಂಥದು. ಈಚಿನ ಕಾಮನ್ ರೈಲ್ ಯಂತ್ರಗಳಲ್ಲಿ ಒಂದೊಂದು ಇಂಜೆಕ್ಟರಿನ ಬೆಲೆಯೇ ಭಾರವಾದದ್ದು. ನೀಲಿಯ ಹೊಗೆಯು ಎಲ್ಲಕ್ಕಿಂತ ಕೆಟ್ಟದ್ದು. ಎಂಜಿನ್ ಆಯಿಲೇ ಉರಿದುಹೋಗುತ್ತಿದೆಯೆಂಬುದಕ್ಕೆ ಅದು ಸಾಕ್ಷಿ.

ಆಯಿಲನ್ನು ಅಳೆಯುವ ಕಡ್ಡಿಯನ್ನು ಎಳೆದು ನೋಡಿರಿ. ಡೀಸೆಲ್ ಯಂತ್ರದ ಆಯಿಲು ಬಲು ಬೇಗ ಕಪ್ಪಾಗುತ್ತದೆ, ಕಪ್ಪಾಗಿದೆಯೆಂದು ಗಾಬರಿಯಾಗಬೇಕಾದ್ದಿಲ್ಲ. ಆದರೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಅದರಲ್ಲಿ ನೀರು ಕೂಡಿದೆ. ರೇಡಿಯೇಟರಿನ ಮುಚ್ಚಳವನ್ನು ಯಂತ್ರವು ಪೂರ್ತಿ ತಣ್ಣಗಿರುವಾಗ ಮಾತ್ರ ತೆಗೆಯಬೇಕು. ಬಿಸಿಯಲ್ಲಿ ತೆರೆದರೆ ಕುದಿಯುವ ನೀರು ಮೋರೆಗೆ ಚಿಮ್ಮುವುದು. ಒಳಗೆ ನೀರಿನ ಮೇಲೆ ಎಣ್ಣೆಯ ಪದರು ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿರಬಹುದು, ಹೆಡ್ಡೇ ಬಿರುಕುಬಿಟ್ಟಿದ್ದರೂ ಇರಬಹುದು. ಸದ್ದನ್ನು ಅಡಗಿಸುವುದಕ್ಕಾಗಿ ಮಂದವಾದ ಆಯಿಲನ್ನು ತುಂಬುವ ಜಾಣತನವೂ ಪೇಟೆಯಲ್ಲುಂಟು. ಕಡ್ಡಿಯಿಂದ ಹನಿಯು ಜೇನಿನಂತೆ ಇಳಿದರೆ ಸಂದೇಹಪಡಿರಿ.

ಗಾಡಿಯ ಹೊಟ್ಟೆಯನ್ನು ನೋಡಬೇಕು

ಬಣ್ಣ ಬಳಿಯುವವನ ಕೈ ಮುಟ್ಟದ ಸ್ಥಳವೆಂದರೆ ಗಾಡಿಯ ಅಡಿ. ಹಳೆಯ ಬಟ್ಟೆಯನ್ನುಟ್ಟು, ಟಾರ್ಚು ಹಿಡಿದು, ನೆಲದ ಮೇಲೆ ಮಲಗಿ ನೋಡುವುದಕ್ಕೆ ನಾಚಬಾರದು. ಚಾಸಿಯ ಉದ್ದ ತೊಲೆಗಳೂ ಅಡ್ಡ ತೊಲೆಗಳೂ, ಸ್ಪ್ರಿಂಗಿನ ಪಾಟಾಗಳು ಕೂಡುವ ಜಾಗಗಳೂ ಮುಖ್ಯ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದರೆ ಗಟ್ಟಿ ಕಬ್ಬಿಣವು ಟಣ್ ಎನ್ನುವುದು. ತುಕ್ಕು ತಿಂದದ್ದು ಬೊದ್ದೆಂದು ಉಲಿಯುವುದು. ಮೇಲ್ಮೈಯ ತುಕ್ಕನ್ನು ಉಜ್ಜಿ ಬಣ್ಣ ಹಚ್ಚಬಹುದು. ಚಾಸಿಯಲ್ಲಿ ತೂತು ಬಿದ್ದಿದ್ದರೆ ಅಂಥ ಗಾಡಿಯು ಬೇಡ.

ನಮ್ಮ ಸೀಮೆಗೆ ಕಾರವಾರ ಕುಮಟೆಗಳ ಕಡೆಯಿಂದಲೂ ಗಾಡಿಗಳು ಬರುವುದುಂಟು. ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ಬೇಗ ತಿನ್ನುವುದರಿಂದ ಅವುಗಳ ಅಡಿಯನ್ನು ಇಮ್ಮಡಿ ಎಚ್ಚರದಿಂದ ಪರೀಕ್ಷಿಸಬೇಕು. ಒಳನಾಡಿನ ಗಾಡಿಗಳಿಗೂ ಒಂದು ರೋಗವಿದೆ. ಗೊಬ್ಬರದ ಚೀಲಗಳಿಂದ ಸೋರಿದ ಹರಳು ತೇವವನ್ನು ಹೀರಿ ತಗಡನ್ನು ಕೊರೆಯುತ್ತದೆ. ಆದುದರಿಂದ ರಬ್ಬರಿನ ಹಾಸನ್ನು ಎತ್ತಿಸಿ ಕೆಳಗಿನ ತಗಡನ್ನು ನೋಡಬೇಕು. ಬದಿಯ ತಗಡಿಗೆ ಪುಟ್ಟಿ ತುಂಬಿದ್ದಾರೆಯೇ ಎಂದು ತಿಳಿಯಲು ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಸೂಜಿಗಲ್ಲು ಸಾಕು. ಪುಟ್ಟಿಯಿದ್ದಲ್ಲಿ ಅದು ಹಿಡಿಯಲಾರದು.

೨೦೧೯ರ ಆಗಸ್ಟಿನಲ್ಲಿ ವರದಾ, ತುಂಗಭದ್ರೆಗಳು ಉಕ್ಕಿ ನಮ್ಮ ಜಿಲ್ಲೆಯ ಅನೇಕ ಊರುಗಳಿಗೆ ನೀರು ನುಗ್ಗಿದುದು ವಾಚಕರಿಗೆ ನೆನಪಿರಬಹುದು. ೨೦೧೮ರಲ್ಲಿ ಕೇರಳಕ್ಕೂ ೨೦೧೫ರಲ್ಲಿ ಚೆನ್ನೈಗೂ ಇಂಥ ವಿಪತ್ತು ಬಂದಿತ್ತು. ಹೊಳೆಯ ನೀರಿನಲ್ಲಿ ಮುಳುಗಿ ಎದ್ದ ಗಾಡಿಯನ್ನು ತೊಳೆದು ಹೊಸದರಂತೆ ಮಾಡಬಹುದು. ಆದರೆ ಸೀಟು ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಮುಚ್ಚಿಟ್ಟ ಗಾಡಿಯ ಒಳಗೆ ಮುಗ್ಗಲು ವಾಸನೆ ಇರುತ್ತದೆ.

ಕಿಲೋಮೀಟರಿನ ಅಂಕಿಯನ್ನು ನಂಬಬೇಡಿರಿ; ಅದನ್ನು ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಅರವತ್ತು ಸಾವಿರವೆಂದು ಅಂಕಿಯು ಹೇಳುತ್ತಿದ್ದು, ಬ್ರೇಕಿನ ಪೆಡಲಿನ ರಬ್ಬರು ಸವೆದು ಕಬ್ಬಿಣವು ಕಾಣುತ್ತಿದ್ದರೆ ನಿಜವನ್ನು ಹೇಳುತ್ತಿರುವುದು ಪೆಡಲೇ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯನ್ನೂ ಓದಿರಿ. ೨೩೧೯ ಎಂದಿದ್ದರೆ ಆ ಟೈರು ೨೦೧೯ರ ೨೩ನೆಯ ವಾರದಲ್ಲಿ ತಯಾರಾದದ್ದು. ಒಂದು ಬದಿ ಮಾತ್ರ ಸವೆದಿದ್ದರೆ ಮುಂದಿನ ಗಾಲಿಗಳ ಜೋಡಣೆ ತಪ್ಪಿದೆ, ಇಲ್ಲವೆ ಗಾಡಿಯು ಎಲ್ಲಿಯೋ ಅಪ್ಪಳಿಸಿದೆ.

ನೊಗಕ್ಕೆ ಹೂಡಿ ನೋಡುವುದು

ಬಯಲಿನಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಪರೀಕ್ಷೆಯಾಗಲಿಲ್ಲ. ಮನೆಯ ನಾಲ್ಕೈದು ಜನರನ್ನು ಕೂರಿಸಿಕೊಂಡು ಅರ್ಧ ತಾಸಾದರೂ ಓಡಿಸಬೇಕು. ಏರು ದಾರಿ, ತಗ್ಗುದಿಣ್ಣೆಯ ದಾರಿ, ಹೆದ್ದಾರಿ ಮೂರೂ ಇರಬೇಕು. ಏರಿನಲ್ಲಿ ದಮ್ಮು ಕಟ್ಟುವುದೋ, ನೀರಿನ ಕಾವು ತೋರಿಸುವ ಮುಳ್ಳು ಮೇಲೇರುವುದೋ ನೋಡಿರಿ. ತಗ್ಗಿನಲ್ಲಿ ಇಳಿಯುವಾಗ ಕೆಳಗಿನ ಸದ್ದುಗಳಿಗೆ ಕಿವಿಗೊಡಿರಿ. ಸಮದಾರಿಯಲ್ಲಿ ಸ್ಟಿಯರಿಂಗನ್ನು ಸಡಿಲ ಬಿಟ್ಟರೆ ಗಾಡಿಯು ಒಂದೇ ಕಡೆಗೆ ಎಳೆಯಬಾರದು.

ಗಾಡಿಯನ್ನು ನಿಲ್ಲಿಸಿ, ಎದುರಿಗೆ ಯಾರೂ ಇಲ್ಲದಂತೆ ನೋಡಿಕೊಂಡು, ಕೈಬ್ರೇಕು ಹಾಕಿ, ಮೂರನೆಯ ಗಿಯರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಯಂತ್ರವು ಕೂಡಲೆ ನಿಂತುಹೋದರೆ ಕ್ಲಚ್ಚು ಗಟ್ಟಿಯಾಗಿದೆ. ಗಾಡಿ ಕದಲದೆ ಯಂತ್ರ ಮಾತ್ರ ತಿರುಗುತ್ತಿದ್ದರೆ ಕ್ಲಚ್ಚಿನ ಪ್ಲೇಟು ಸವೆದಿದೆ. ಬ್ರೇಕಿನ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದಾಗ ಅದು ಮೆಲ್ಲಗೆ ಕೆಳಗಿಳಿದರೆ ಒಳಗೆ ಎಲ್ಲಿಯೋ ಸೋರಿಕೆಯಿದೆ. ಅರಬೈಲ್ ಘಟ್ಟದಂಥ ಇಳಿಜಾರಿನಲ್ಲಿ ತುಂಬಿದ ಗಾಡಿಯ ಹತ್ತು ಜೀವಗಳು ಆ ಒಂದು ಪೆಡಲನ್ನು ನಂಬಿಕೊಂಡಿರುತ್ತವೆ ಎಂಬುದನ್ನು ನೆನೆದರೆ ಈ ಪರೀಕ್ಷೆಯನ್ನು ಯಾರೂ ಬಿಡಲಾರರು.

ಇಷ್ಟಾದ ಮೇಲೂ ನಂಬಿಕೆಯ ಮೇಸ್ತ್ರಿಯೊಬ್ಬನಿಗೆ ಒಂದು ದಿನದ ಕೂಲಿ ಕೊಟ್ಟು ಕರೆದೊಯ್ಯುವುದು ಉತ್ತಮ. ಅವನು ಮಾರುವವನ ಕಡೆಯವನಾಗಿರಕೂಡದು.

ಬೆಲೆಯ ಲೆಕ್ಕ

ಕೈಯಲ್ಲಿ ಮೂರು ಲಕ್ಷವಿದ್ದರೆ ಮೂರು ಲಕ್ಷದ ಗಾಡಿಯನ್ನು ಕೊಳ್ಳುವುದು ಅವಿವೇಕ. ಐದರಲ್ಲಿ ಒಂದು ಪಾಲನ್ನಾದರೂ ಬದಿಗಿರಿಸಿಕೊಳ್ಳಬೇಕು. ಕೊಂಡ ಮೊದಲ ವರ್ಷದಲ್ಲಿಯೇ ಟೈರು, ಬ್ಯಾಟರಿ, ಕ್ಲಚ್ಚು, ವಿಮೆ, ಹೆಸರಿನ ವರ್ಗಾವಣೆ ಇವೆಲ್ಲ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಯಂತ್ರದಲ್ಲಿ ಟೈಮಿಂಗ್ ಬೆಲ್ಟಿದ್ದರೆ, ಅದನ್ನು ಬದಲಿಸಿದ ರಸೀದಿಯಿಲ್ಲದಾಗ ಬದಲಿಸಿಲ್ಲವೆಂದೇ ಎಣಿಸಬೇಕು. ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಯಂತ್ರವೇ ಹಾಳಾಗುವುದುಂಟು. ಕಂಡ ದೋಷಗಳನ್ನು ಒಂದು ಚೀಟಿಯಲ್ಲಿ ಬರೆದು, ದುರಸ್ತಿಯ ವೆಚ್ಚವನ್ನು ಮೇಸ್ತ್ರಿಯಿಂದ ಕೇಳಿ, ಬೆಲೆಯಲ್ಲಿ ಅಷ್ಟನ್ನು ಕಳೆದು ಮಾತಾಡಿರಿ.

ಹೆಸರು ಬದಲಾಗುವ ತನಕ ವ್ಯವಹಾರ ಮುಗಿಯಲಿಲ್ಲ

ಹಣ ಕೊಟ್ಟು ಕೀಲಿ ಪಡೆದರೆ ಗಾಡಿಯು ನಮ್ಮದಾಯಿತೆಂದು ಜನರು ತಿಳಿಯುತ್ತಾರೆ. ಕಾನೂನು ಹಾಗೆ ತಿಳಿಯುವುದಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು ೧೪ ದಿನಗಳೊಳಗೆ ೨೯ನೆಯ ನಮೂನೆಯಲ್ಲಿ ತಿಳಿಸಬೇಕು; ಕೊಂಡವನು ೩೦ ದಿನಗಳೊಳಗೆ ೩೦ನೆಯ ನಮೂನೆಯನ್ನು ಸಲ್ಲಿಸಬೇಕು. ವಿಮೆಯ ಪತ್ರದಲ್ಲಿಯೂ ಹೆಸರು ಬದಲಿಸಲು ೧೪ ದಿನಗಳೊಳಗೆ ಬರೆದುಕೊಳ್ಳಬೇಕು. ಸಹಿ ಮಾಡಿದ ಬರಿಯ ನಮೂನೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಗಾಡಿ ಓಡಿಸುವ ರೂಢಿಯು ನಮ್ಮಲ್ಲಿ ಬಹಳ.

ಇದರ ಫಲವೇನೆಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ನೋಡಬಹುದು. ಒಬ್ಬನು ೨೦೦೭ರಲ್ಲಿ ತನ್ನ ಗಾಡಿಯನ್ನು ಮಾರಿದನು. ಅದು ಕೈಯಿಂದ ಕೈಗೆ ದಾಟಿತು; ನೋಂದಣಿಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. ೨೦೦೯ರಲ್ಲಿ ಅಪಘಾತವಾಯಿತು. ಪತ್ರದಲ್ಲಿ ಹೆಸರಿರುವವನೇ ಒಡೆಯನು, ಪರಿಹಾರದ ಹೊಣೆಯು ಅವನದೇ ಎಂದು ೨೦೧೮ರಲ್ಲಿ ತೀರ್ಪಾಯಿತು. ಹಾಗಾದರೆ ಮಾರಿದವನಿಗಷ್ಟೇ ಅಪಾಯ, ಕೊಂಡವನಿಗೇನು ಎಂದು ಕೇಳಬಹುದು. ಕೊಂಡವನ ಲಕ್ಷಗಟ್ಟಲೆ ಹಣವು ಪರರ ಹೆಸರಿನ ಗಾಡಿಯಲ್ಲಿರುತ್ತದೆ; ಗಾಡಿಗೆ ಆದ ಹಾನಿಯನ್ನು ವಿಮೆಯವರಿಂದ ಕೇಳಲು ಹೋದರೆ ಅವನ ಹೆಸರೇ ಅಲ್ಲಿರುವುದಿಲ್ಲ.

ಇನ್ನೊಂದು ಸಂಗತಿಯನ್ನು ಹಳ್ಳಿಯ ಗೃಹಸ್ಥರು ವಿಶೇಷವಾಗಿ ಗಮನಿಸಬೇಕು. ಸರಕಿನ ಗಾಡಿಯಲ್ಲಿ, ಸರಕಿನ ಒಡೆಯನೂ ಅವನ ಪ್ರತಿನಿಧಿಯೂ ಅಲ್ಲದ ಪ್ರಯಾಣಿಕರು ಕುಳಿತು ಸತ್ತರೆ ಅಥವಾ ಗಾಯಗೊಂಡರೆ, ವಿಮೆಯ ಕಂಪನಿಗೆ ಹೊಣೆಯಿಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರಲ್ಲಿಯೇ ಹೇಳಿದೆ. ಮೆಣಸಿನಕಾಯಿ ಬಿಡಿಸಲು ಬರುವ ಹೆಣ್ಣುಮಕ್ಕಳನ್ನು ಸರಕಿನ ಗಾಡಿಯಲ್ಲಿ ತುಂಬಿಕೊಂಡು ಬರುವಾಗ ಒಂದು ಅನಾಹುತವಾದರೆ ಎರಡು ಮನೆತನಗಳು ಹಾಳಾಗುತ್ತವೆ: ಸತ್ತವರದೊಂದು, ಗಾಡಿಯವರದೊಂದು. ಜನರನ್ನು ಕರೆತರುವುದಕ್ಕೆ ಗಾಡಿ ಬೇಕಾಗಿದ್ದರೆ ಜನರ ಗಾಡಿಯನ್ನೇ ಕೊಳ್ಳತಕ್ಕದ್ದು.

ನೋಡಿದ ಮೊದಲನೆಯ ಗಾಡಿಯನ್ನೇ ಕೊಳ್ಳಬೇಕೆಂಬ ಕಟ್ಟಳೆಯೇನೂ ಇಲ್ಲ. ಮಾರುವವನು, “ನಾಳೆ ಬೇರೆಯವರು ಬರ್ತಾರ್ರಿ” ಎಂದು ಅವಸರಪಡಿಸಿದರೆ ಅವರೇ ಒಯ್ಯಲಿ ಎನ್ನುವ ಧೈರ್ಯವಿರಬೇಕು. ಸರಿಯಾದ ಜೋಡಿ ಸಿಗಲಿಲ್ಲವೆಂದು ಸಂತೆಯಿಂದ ಬರಿಗೈಯಲ್ಲಿ ಹಿಂದಿರುಗಿದ ರೈತನನ್ನು ನೋಡಿ ನಮ್ಮ ಊರಿನಲ್ಲಿ ಯಾರೂ ನಗುವುದಿಲ್ಲ. ಮುಂದಿನ ವಾರವೂ ಸಂತೆಯಿದ್ದೇ ಇರುತ್ತದೆ. ಹಳೆಯ ಗಾಡಿಯನ್ನು ಕೊಳ್ಳಹೊರಟ ಗೃಹಸ್ಥನು ಈ ತಾಳ್ಮೆಯೊಂದನ್ನು ಜೊತೆಗೆ ಒಯ್ದರೆ, ಅವನು ತರುವ ಗಾಡಿಯು ಮನೆಮಂದಿಯನ್ನು ಹಲವು ವರ್ಷ ಸುಖವಾಗಿ ಜಾತ್ರೆಗೂ ಪೇಟೆಗೂ ಒಯ್ದು ತಂದೀತು.